ವಯಸ್ಸು ಮತ್ತು ರಕ್ತನಾಳದ ಒಳಪದರ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಬಿಪಿ, ಶುಗರ್ ತಪಾಸಣೆಗೆ ಬರುವ ಹಿರಿಯರೂ ಅವರ ಜೊತೆ ಬರುವ ಮಕ್ಕಳೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಹೃದಯದ ಬ್ಲಾಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬ್ಲಾಕ್ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಸೊರಗತೊಡಗುವ ಒಳಪದರದ ಬಗ್ಗೆ ಮಾತಾಡುವವರು ಕಡಿಮೆ. ಏನಾದರೂ ಮಾಡಲು ಸಮಯ ಇರುವುದು ಆ ಹಂತದಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆದಿದ್ದೇವೆ.

ರಕ್ತನಾಳದ ಒಳಪದರ ಅಂದರೆ ಯಾವುದು?

ಹೃದಯದಿಂದ ಹೊರಡುವ ದೊಡ್ಡ ಅಪಧಮನಿಯಿಂದ ಹಿಡಿದು ಕೂದಲೆಳೆಗಿಂತ ಸಣ್ಣ ಲೋಮನಾಳದವರೆಗೆ ಎಲ್ಲ ನಾಳಗಳ ಒಳಮೈಯಲ್ಲೂ ರಕ್ತಕ್ಕೆ ತಾಗಿಕೊಂಡಂತೆ ಜೀವಕೋಶಗಳ ಒಂದೇ ಒಂದು ಸಾಲು ಹಾಸಿಕೊಂಡಿದೆ. ವೈದ್ಯರು ಇದನ್ನು ಎಂಡೋಥೀಲಿಯಂ ಅನ್ನುತ್ತಾರೆ. ದೊಡ್ಡ ನಾಳಗಳಲ್ಲಿ ಇದರ ಹೊರಗೆ ಸ್ನಾಯುವಿನ ಪದರ, ಅದರಾಚೆ ಮತ್ತೊಂದು ಗಟ್ಟಿ ಪದರ ಇರುತ್ತದೆ. ಲೋಮನಾಳದಲ್ಲಾದರೆ ಗೋಡೆ ಎಂದರೆ ಹೆಚ್ಚುಕಡಿಮೆ ಇದೊಂದೇ. ಈ ಕೋಶಗಳ ಮೇಲೆ ರಕ್ತದ ಕಡೆಗೆ ಸಕ್ಕರೆ ಮತ್ತು ಪ್ರೋಟೀನ್ ಸೇರಿದ ನವಿರಾದ ಲೋಳೆಯ ಹೊದಿಕೆಯೂ ಇದೆ. ಅದರ ಹೆಸರು ಗ್ಲೈಕೋಕ್ಯಾಲಿಕ್ಸ್.

ಅಷ್ಟು ತೆಳ್ಳಗಿನ ಪದರ ಏನು ತಾನೇ ಮಾಡೀತು?

ವಿಜ್ಞಾನಿಗಳೂ ಬಹಳ ಕಾಲ ಹೀಗೇ ಅಂದುಕೊಂಡಿದ್ದರು. ಅದೊಂದು ಸುಮ್ಮನೆ ಹೊದಿಸಿದ ಹಾಳೆ ಎಂಬ ನಂಬಿಕೆಯಿತ್ತು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಅಪಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಕೆಲವು ತುಂಡುಗಳು ಸಡಿಲಗೊಳ್ಳುತ್ತಿದ್ದವು, ಕೆಲವು ಬಿಗಿಯಾಗುತ್ತಿದ್ದವು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ತುಂಡನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋಗಿ ಆ ಪದರ ಕಿತ್ತುಬಂದಿದ್ದರೆ ನಾಳಕ್ಕೆ ಸಡಿಲಗೊಳ್ಳಲು ಆಗುತ್ತಿರಲಿಲ್ಲ. 1980ರಲ್ಲಿ ಅವರೂ ಸಹೋದ್ಯೋಗಿ ಜಾನ್ ಝವಾಡ್‌ಸ್ಕಿಯೂ ಇದನ್ನು ಪ್ರಕಟಿಸಿದರು. ಒಳಪದರ ಹೊರಡಿಸುವ ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ಗೊತ್ತಾಯಿತು. 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ ಬಂದದ್ದು ಈ ಕೆಲಸಕ್ಕೇ.

ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ಒಳಪದರದ ಕೋಶಗಳು ಈ ಅನಿಲವನ್ನು ತಯಾರಿಸುತ್ತವೆ. ಅದು ಉಳಿಯುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಪಕ್ಕದ ಸ್ನಾಯುವಿಗೆ ದಾಟಿ ಅದನ್ನು ಸಡಿಲಿಸುತ್ತದೆ. ನಾಳ ಹಿಗ್ಗುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಕೆಲಸ ಮಾಡುವುದೂ ಇದೇ ನೈಟ್ರಿಕ್ ಆಕ್ಸೈಡ್ ದಾರಿಯಲ್ಲಿ.

ಅದರ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟದಂತೆ ತಡೆಯುವುದು, ಬಿಳಿ ರಕ್ತಕಣಗಳು ಗೋಡೆಗೆ ಅಂಟದಂತೆ ನೋಡಿಕೊಳ್ಳುವುದು, ರಕ್ತದಿಂದ ಅಂಗಾಂಶಕ್ಕೆ ಏನು ದಾಟಬೇಕು, ಏನು ದಾಟಬಾರದು ಎಂದು ನಿಯಂತ್ರಿಸುವುದು, ಎಲ್ಲವೂ ಈ ಪದರದ ಹೊಣೆ.

ವಯಸ್ಸಾದಂತೆ ಇದಕ್ಕೆ ಏನಾಗುತ್ತದೆ?

ಮೊದಲು ಕುಗ್ಗುವುದು ನೈಟ್ರಿಕ್ ಆಕ್ಸೈಡ್. ಅದನ್ನು ತಯಾರಿಸುವ ಕಿಣ್ವಕ್ಕೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಬೇಕು. ವಯಸ್ಸಿನ ಜೊತೆ ಈ ಸಹಾಯಕ ಕೆಡುತ್ತಾ, ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಅದೇ ಕಿಣ್ವ ಒಳ್ಳೆಯ ಅನಿಲದ ಬದಲು ಸೂಪರ್‌ಆಕ್ಸೈಡ್ ಎಂಬ ಹಾನಿಕಾರಕ ಕಣವನ್ನು ಹುಟ್ಟಿಸತೊಡಗುತ್ತದೆ. ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಹಳೆಯದಾದಾಗ ಅವುಗಳಿಂದಲೂ ಇಂಥ ಕಣಗಳು ಹೆಚ್ಚು ಸೋರುತ್ತವೆ. ಉಳಿದಿರುವ ನೈಟ್ರಿಕ್ ಆಕ್ಸೈಡನ್ನೂ ಇವು ನುಂಗಿಹಾಕುತ್ತವೆ. ತಯಾರಾಗುವುದೇ ಕಡಿಮೆ, ತಯಾರಾದದ್ದೂ ದಕ್ಕುವುದಿಲ್ಲ. ಅತ್ತ ನಾಳವನ್ನು ಬಿಗಿಮಾಡುವ ಎಂಡೋಥೀಲಿನ್ ಎಂಬ ವಸ್ತುವಿನ ಕೈ ಮೇಲಾಗುತ್ತದೆ.

ಎರಡನೆಯದು ಮುದಿಕೋಶಗಳು. ಕೆಲವು ಕೋಶಗಳು ವಿಭಜನೆ ನಿಲ್ಲಿಸಿಬಿಡುತ್ತವೆ, ಆದರೆ ಸಾಯುವುದಿಲ್ಲ. ಅಲ್ಲೇ ಕುಳಿತು ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತಾ ಅಕ್ಕಪಕ್ಕದ ಆರೋಗ್ಯವಂತ ಕೋಶಗಳನ್ನೂ ಕೆಡಿಸುತ್ತವೆ. ವಯಸ್ಸಾದವರ ಮೈಯಲ್ಲಿ ಯಾವ ಸೋಂಕೂ ಇಲ್ಲದೆಯೇ ಸಣ್ಣ ಮಟ್ಟದ ಉರಿಯೂತ ಸದಾ ಇರುವುದಕ್ಕೆ ಇದೂ ಒಂದು ಕಾರಣ.

ಗ್ಲೈಕೋಕ್ಯಾಲಿಕ್ಸ್ ಹೊದಿಕೆ ತೆಳುವಾಗುತ್ತದೆ. ಕೋಶಗಳ ನಡುವಿನ ಬೆಸುಗೆ ಸಡಿಲಾಗಿ ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಕ್ಕೆ ನುಸುಳುವುದು ಸುಲಭವಾಗುತ್ತದೆ. ಬಿಳಿಕಣಗಳು ಅಂಟಿಕೊಳ್ಳತೊಡಗುತ್ತವೆ. ಇವೆಲ್ಲ ಬೇರೆಬೇರೆ ಕಾಯಿಲೆಗಳಲ್ಲ, ಒಂದರಿಂದ ಇನ್ನೊಂದು ಬೆಳೆಯುವಂಥವು. ನೋವಿಲ್ಲ, ಊತವಿಲ್ಲ. ಇದಕ್ಕೇ ಜನ ಆಸ್ಪತ್ರೆಗೆ ಬರುವಷ್ಟರಲ್ಲಿ ಬಹಳ ತಡವಾಗಿರುತ್ತದೆ.

ಯಾವ ವಯಸ್ಸಿಗೆ ಶುರುವಾಗುತ್ತದೆ? ಗಂಡಸರಿಗೂ ಹೆಂಗಸರಿಗೂ ಒಂದೇನಾ?

ಒಂದೇ ಅಲ್ಲ. ಡೇವಿಡ್ ಸೆಲರ್‌ಮೇಯರ್ ಮತ್ತು ಸಂಗಡಿಗರು ಆರೋಗ್ಯವಂತರನ್ನೇ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಂಡಸರಲ್ಲಿ ಸುಮಾರು 40ರ ನಂತರ ನಾಳ ಹಿಗ್ಗುವ ಶಕ್ತಿ ಇಳಿಯತೊಡಗುತ್ತದೆ. ಹೆಂಗಸರಲ್ಲಿ 50 ದಾಟುವವರೆಗೆ ಅದು ಚೆನ್ನಾಗಿಯೇ ಇದ್ದು, ಆಮೇಲೆ ಗಂಡಸರಿಗಿಂತ ವೇಗವಾಗಿ ಇಳಿಯುತ್ತದೆ. ಮುಟ್ಟು ನಿಲ್ಲುವವರೆಗೆ ಕಾಪಾಡುವುದು ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನ್. ಅದು ನೈಟ್ರಿಕ್ ಆಕ್ಸೈಡ್ ತಯಾರಿಕೆಯನ್ನು ಹೆಚ್ಚಿಸುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ 40ಕ್ಕೂ ಮೊದಲೇ ಗರ್ಭಕೋಶ ತೆಗೆಸಿಕೊಂಡ ತಾಯಂದಿರು ಸಿಗುತ್ತಾರೆ. ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಆ ರಕ್ಷಣೆ ಅಂದೇ ಮುಗಿಯುತ್ತದೆ. ಅಂಥವರು 50 ಆಗಲಿ ಎಂದು ಕಾಯದೆ ಈಗಿನಿಂದಲೇ ವರ್ಷವರ್ಷ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಬೇಕು. ಆಪರೇಷನ್‌ನಲ್ಲಿ ಏನೇನು ತೆಗೆದರು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಅದನ್ನು ಬಿಸಾಡಬೇಡಿ, ತಪಾಸಣೆಗೆ ಬರುವಾಗ ತನ್ನಿ.

ಅಮ್ಮನ ಬಿಪಿ 170/75 ಬರುತ್ತೆ. ಕೆಳಗಿನದು ಚೆನ್ನಾಗಿದೆಯಲ್ಲ, ಮೇಲಿನದು ವಯಸ್ಸಿಗೆ ಸಹಜ ಅಂತಾರೆ. ನಿಜವೇ?

ವಯಸ್ಸಾದವರಲ್ಲಿ ಹೀಗೆ ಕಾಣುವುದು ಸಾಮಾನ್ಯ. ಸಾಮಾನ್ಯ ಎಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ.

ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಇರುತ್ತದೆ. ಹೃದಯ ಬಡಿದಂತೆಲ್ಲ ಹಿಗ್ಗಿ ಕುಗ್ಗಿ ದಶಕಗಳಲ್ಲಿ ಅದು ತುಂಡಾಗುತ್ತದೆ. ಅದರ ಜಾಗಕ್ಕೆ ಕೊಲಾಜೆನ್ ಎಂಬ ಬಿರುಸಾದ ನಾರು ಸೇರುತ್ತದೆ. ಒಳಪದರವೂ ಸಡಿಲಿಸುವ ಅನಿಲವನ್ನು ಕಡಿಮೆ ಕೊಡುವುದರಿಂದ ನಾಳ ಇನ್ನಷ್ಟು ಬಿಗಿ. ಹೃದಯ ರಕ್ತ ತಳ್ಳಿದಾಗ ಗೋಡೆ ಹಿಗ್ಗದೆ ಮೇಲಿನ ಅಂಕಿ ಏರುತ್ತದೆ. ಎರಡು ಬಡಿತಗಳ ನಡುವೆ ಒತ್ತಡವನ್ನು ಹಿಡಿದಿಡಲಾಗದೆ ಕೆಳಗಿನ ಅಂಕಿ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಮಿದುಳು ಮತ್ತು ಕಿಡ್ನಿಯ ಸಣ್ಣ ನಾಳಗಳಿಗೆ ಪೆಟ್ಟು ಹೆಚ್ಚು. 170ಕ್ಕೆ ಚಿಕಿತ್ಸೆ ಬೇಕೇ ಬೇಕು.

ವಯಸ್ಸಾದ ಮೇಲೆ ಎಲ್ಲರಿಗೂ ಇದು ತಪ್ಪಿದ್ದಲ್ಲ ಅಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಎಷ್ಟು, ಯಾವಾಗ ಎಂಬುದರಲ್ಲಿ ಅಜಗಜಾಂತರವಿದೆ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪು ಹಾಕುವವರಲ್ಲ. ಅವರಲ್ಲಿ ವಯಸ್ಸಿನ ಜೊತೆ ಬಿಪಿ ಏರುವುದೇ ಇಲ್ಲ ಎಂಬುದು ಚೆನ್ನಾಗಿ ದಾಖಲಾಗಿದೆ. ಬೊಲಿವಿಯಾದ ತ್ಸಿಮಾನೆ ಸಮುದಾಯ ಬೇಟೆ, ಮೀನು, ಬೇಸಾಯದಲ್ಲಿ ದಿನವಿಡೀ ಓಡಾಡುವ ಜನ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ದಾಟಿದ ಆ ಜನರಲ್ಲಿ ಶೇ 85ರಷ್ಟು ಮಂದಿಯ ಹೃದಯದ ನಾಳಗಳಲ್ಲಿ ಬ್ಲಾಕಿನ ಗುರುತಾದ ಸುಣ್ಣದಂಶ ಸ್ವಲ್ಪವೂ ಕಂಡಿರಲಿಲ್ಲ. ನಾವು ಕಾಡಿಗೆ ಹೋಗಬೇಕಿಲ್ಲ. ವಯಸ್ಸಿನ ಮೇಲೆ ಹೊರಿಸುವ ಹೊರೆಯಲ್ಲಿ ದೊಡ್ಡ ಪಾಲು ಉಪ್ಪು, ತಂಬಾಕು, ಕುಳಿತ ಬದುಕಿನದು ಎಂದು ತಿಳಿದರೆ ಸಾಕು.

ಡ್ರಿಪ್ ಪೈಪಲ್ಲಿ ಉಪ್ಪು ಕಟ್ಟಿಕೊಂಡರೆ ಆಸಿಡ್ ಬಿಟ್ಟು ತೊಳೀತೀವಿ. ರಕ್ತನಾಳಾನೂ ಹಾಗೆ ಕ್ಲೀನ್ ಮಾಡೋಕೆ ಆಗಲ್ವಾ?

ಬೋರ್‌ವೆಲ್ ನೀರಿನಲ್ಲಿ ದ್ರಾಕ್ಷಿ, ಟೊಮೆಟೊ ಬೆಳೆಯುವ ರೈತರು ಕೇಳಿಯೇ ಕೇಳುವ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಡ್ರಿಪ್ ಪೈಪಿನಲ್ಲಿ ಕರೆ ಕಟ್ಟುವುದು ಒಳಮೈಯ ಮೇಲೆ. ರಕ್ತನಾಳದಲ್ಲಿ ಕೊಬ್ಬು ಸೇರುವುದು ಒಳಪದರದ ಕೆಳಗೆ, ಗೋಡೆಯೊಳಗೆ. ಮೇಲಿನ ಪದರ ದುರ್ಬಲವಾಗಿ ಕೊಲೆಸ್ಟ್ರಾಲ್ ಒಳನುಗ್ಗುತ್ತದೆ, ಅದನ್ನು ತಿನ್ನಲು ಬಿಳಿಕಣಗಳು ಬರುತ್ತವೆ, ಅಲ್ಲೇ ಸತ್ತು ಗುಡ್ಡೆಯಾಗುತ್ತವೆ. ಮೇಲಿಂದ ಏನು ಹರಿಸಿದರೂ ಅದು ತೊಳೆದುಹೋಗುವಂಥದ್ದಲ್ಲ.

ಬೆಳ್ಳುಳ್ಳಿ, ಶುಂಠಿ, ನಿಂಬೆ, ಜೇನು ಸೇರಿಸಿ ಕುದಿಸಿದ ರಸದಿಂದ ಬ್ಲಾಕ್ ಕರಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಿ ಮಾತ್ರೆ ಬಿಡಬೇಡಿ. ಬೆಳ್ಳುಳ್ಳಿಯನ್ನು ಸಾರಿಗೆ ಹಾಕಿ ತಿನ್ನುವುದಕ್ಕೆ ಯಾರ ತಕರಾರೂ ಇಲ್ಲ.

ಶುಗರ್ ಇದ್ದವರಿಗೆ ಇದು ಬೇಗ ಬರುತ್ತಾ?

ಬರುತ್ತದೆ, ಹಲವು ವರ್ಷ ಮುಂಚೆಯೇ. ಹೆಚ್ಚಿದ ಸಕ್ಕರೆ ಗ್ಲೈಕೋಕ್ಯಾಲಿಕ್ಸನ್ನು ಸವೆಸುತ್ತದೆ, ಗೋಡೆಯ ಪ್ರೋಟೀನುಗಳಿಗೆ ಅಂಟಿ ಅವನ್ನು ಬಿರುಸಾಗಿಸುತ್ತದೆ. ಕಣ್ಣು ಮತ್ತು ಕಿಡ್ನಿಯ ಸಣ್ಣ ನಾಳಗಳು ಮೊದಲು ಸೋರುತ್ತವೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ. ರಾಗಿ ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮುದ್ದೆಯ ಗಾತ್ರ ದೊಡ್ಡದಾದರೆ ರಾಗಿಯೂ ಏರಿಸುತ್ತದೆ. ಮುದ್ದೆ ಚಿಕ್ಕದಿರಲಿ, ಜೊತೆಗೆ ಕಾಳು, ಸೊಪ್ಪು ಹೆಚ್ಚಿರಲಿ.

ಹೃದಯ ಬಿಟ್ಟು ಬೇರೆಲ್ಲಿ ಇದರ ಲಕ್ಷಣ ಕಾಣುತ್ತದೆ?

ಮಿದುಳಿನ ಸಣ್ಣ ನಾಳಗಳು ಕೆಟ್ಟರೆ ಪಾರ್ಶ್ವವಾಯುವಿನ ಜೊತೆಗೆ ನಿಧಾನವಾಗಿ ಮರೆವೂ ಬರಬಹುದು. ಕಾಲಿನ ನಾಳಗಳಾದರೆ ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗುತ್ತದೆ.

ಗಂಡಸರು ಹೇಳಲು ನಾಚುವ ಇನ್ನೊಂದು ಲಕ್ಷಣವಿದೆ. ಶಿಶ್ನದ ನಿಮಿರುವಿಕೆ ಮುಖ್ಯವಾಗಿ ನಡೆಯುವುದು ನೈಟ್ರಿಕ್ ಆಕ್ಸೈಡಿನಿಂದ, ಅಲ್ಲಿನ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಹಾಗಾಗಿ ಆ ತೊಂದರೆ ಎಷ್ಟೋ ಸಲ ಎದೆನೋವಿಗಿಂತ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅದನ್ನು ಅವಮಾನ ಎಂದುಕೊಳ್ಳದೆ ವೈದ್ಯರಿಗೆ ಹೇಳಿ, ಹೃದಯದ ತಪಾಸಣೆಯೂ ಆಗಲಿ. ಅಂಗಡಿಯಲ್ಲಿ ತಾವೇ ಕೇಳಿ ಮಾತ್ರೆ ತರುವುದು ಬೇಡ. ಈ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ ಮತ್ತು ಎದೆನೋವಿನ ಸಾರ್ಬಿಟ್ರೇಟ್ ಒಟ್ಟಿಗೆ ಸೇರಿದರೆ ಬಿಪಿ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು.

ಒಳಪದರವನ್ನೇ ನೋಡುವ ಪರೀಕ್ಷೆ ಇದೆಯೇ?

ಇದೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ 5 ನಿಮಿಷ ಬಿಗಿದು, ಬಿಟ್ಟ ತಕ್ಷಣ ತೋಳಿನ ಅಪಧಮನಿ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತಾರೆ. ಇದು ಮುಖ್ಯವಾಗಿ ಸಂಶೋಧನೆಗೆ. ನಿಮಗೆ ಬೇಕಿರುವುದು ಬಿಪಿ, ಶುಗರ್, ಕೊಲೆಸ್ಟ್ರಾಲ್, ಮೂತ್ರದ ಅಲ್ಬುಮಿನ್. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಮ್ಮೆ ಕೆಟ್ಟದ್ದು ಮತ್ತೆ ಸರಿಹೋಗುತ್ತದೆಯೇ?

ಬಹಳಷ್ಟು ಸರಿಹೋಗುತ್ತದೆ, ಈ ಪುಟ ಬರೆಯಲು ಮುಖ್ಯ ಕಾರಣವೇ ಇದು. 2000ದಲ್ಲಿ ಅಮೆರಿಕದ ಕೊಲರಾಡೊದ ತಂಡವೊಂದು, ವ್ಯಾಯಾಮವೇ ಮಾಡದ ನಡುವಯಸ್ಸಿನ ಮತ್ತು ಹಿರಿಯ ಗಂಡಸರನ್ನು 3 ತಿಂಗಳು ನಡೆಸಿತು. ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಐದಾರು ದಿನ, ಬರೀ ನಡಿಗೆ. ಕೊನೆಗೆ ಅಳೆದಾಗ ಅವರ ಮುಂಗೈ ನಾಳಗಳು ಹಿಗ್ಗುವ ಶಕ್ತಿ ಯುವಕರ ಮಟ್ಟಕ್ಕೆ ಬಂದಿತ್ತು.

ನಡೆಯುವಾಗ ರಕ್ತ ವೇಗವಾಗಿ ಹರಿದು ಒಳಪದರವನ್ನು ಸವರುತ್ತದೆ. ಆ ಸವರುವಿಕೆಯೇ ಕೋಶಗಳಿಗೆ ನೈಟ್ರಿಕ್ ಆಕ್ಸೈಡ್ ತಯಾರಿಸಲು ಸೂಚನೆ. ದಿನವೂ ಸೂಚನೆ ಸಿಕ್ಕರೆ ಕಿಣ್ವವೂ ಹೆಚ್ಚುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ನಡಿಗೆಯಿಂದ ಒಳಪದರಕ್ಕೆ ಸಿಗುವ ಲಾಭ ಗಂಡಸರಷ್ಟು ಸ್ಪಷ್ಟವಾಗಿ ಕಂಡಿಲ್ಲ. ಬಿಪಿ, ಶುಗರ್, ಮೂಳೆಗೆ ಸಿಗುವ ಲಾಭ ಮಾತ್ರ ಖಚಿತ, ಆದ್ದರಿಂದ ನಡೆಯಲೇಬೇಕು.

ಹೊಲದಲ್ಲಿ ದುಡಿಯೋರಿಗೂ ವಾಕಿಂಗ್ ಬೇಕಾ?

ಕಳೆ ಕಿತ್ತು, ಹೊರೆ ಹೊತ್ತು, ಏದುಸಿರು ಬರುವಂತೆ ದುಡಿಯುವವರಿಗೆ ಬೇರೆ ವಾಕಿಂಗ್ ಬೇಕಿಲ್ಲ. ಬೈಕಿನಲ್ಲಿ ತೋಟಕ್ಕೆ ಹೋಗಿ, ಮೋಟಾರ್ ಹಾಕಿ, ಬೈಕಿನಲ್ಲೇ ವಾಪಸ್ ಬರುವವರಿಗೆ ಬೇಕು.

ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳು, ಮಂಡಿ ಗುಮಾಸ್ತರು, ಟೈಲರ್‌ಗಳು ಇದನ್ನು ಗಮನಿಸಬೇಕು. 2015ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರೇ 3 ಗಂಟೆ ಎದ್ದೇಳದೆ ಕುಳಿತಾಗ ಕಾಲಿನ ಅಪಧಮನಿ ಹಿಗ್ಗುವ ಶಕ್ತಿ ಕುಸಿಯಿತು. ಗಂಟೆಗೊಮ್ಮೆ 5 ನಿಮಿಷ ಎದ್ದು ನಡೆದಾಗ ಕುಸಿಯಲಿಲ್ಲ. ಕೂತಲ್ಲೇ ದುಡಿಯುವವರು ಬೆಳಗಿನ ವಾಕಿಂಗ್ ಒಂದನ್ನೇ ನಂಬಿಕೊಳ್ಳಬಾರದು.

ಊಟದಲ್ಲಿ ಏನು ಮಾಡಬೇಕು?

ದುಬಾರಿ ಹಣ್ಣು, ಡಬ್ಬಿ ಪುಡಿ ಬೇಡ. ಬಸ್ಸಾರು ಮಾಡಿ. ದಂಟು, ಪಾಲಕ್, ಮೂಲಂಗಿ, ಬೀಟ್‌ರೂಟ್, ಕೊತ್ತಂಬರಿಯಲ್ಲಿ ನೈಟ್ರೇಟ್ ಹೇರಳ. ನಾವು ತಿಂದ ನೈಟ್ರೇಟ್ ಎಂಜಲಿಗೆ ಬಂದು, ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ, ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಮುದಿಯಾದ ಒಳಪದರದ ನೆರವಿಲ್ಲದೆಯೇ ಸಾಗುವ ಇನ್ನೊಂದು ದಾರಿ ಇದು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಹೋಯಿತು. ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತದೆ, ಏನೂ ಪೋಲಾಗುವುದಿಲ್ಲ. ನಮ್ಮ ಅಜ್ಜಿಯರ ಅಡುಗೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದೇ.

ದಿನಕ್ಕೆರಡು ಸಲ ಕ್ರಿಮಿನಾಶಕ ಮೌತ್‌ವಾಶ್ ಮುಕ್ಕಳಿಸಿದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ದಂತವೈದ್ಯರು ಹೇಳದಿದ್ದರೆ ಅದು ಬೇಡ. ಕಿಡ್ನಿ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಿನ್ನುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ಬೋರ್‌ವೆಲ್ ನೀರಿನ ನೈಟ್ರೇಟನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ, ಹಸುಗೂಸುಗಳಿಗಂತೂ ಅಪಾಯ.

ಉಪ್ಪು ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಬಿಪಿ ಏರದವರಲ್ಲೂ ಹೆಚ್ಚಿನ ಉಪ್ಪು ಒಳಪದರವನ್ನು ಕುಗ್ಗಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ಊಟದ ಎಲೆಯ ತುದಿಗೆ ಬಡಿಸುವ ಉಪ್ಪು, ಎಲ್ಲ ಲೆಕ್ಕಕ್ಕೆ ಸೇರಬೇಕು. ಉಪ್ಪೆಸರು ಮಾಡುವ ಮನೆಯಲ್ಲಿ ಹುಣಸೆ, ಮೆಣಸು, ಬೆಳ್ಳುಳ್ಳಿ ಹೆಚ್ಚಿಸಿ ಉಪ್ಪು ಇಳಿಸಿದರೆ ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಬೀಡಿ ಬಿಟ್ಟಿದ್ದೇನೆ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಮಾತ್ರ. ಪರವಾಗಿಲ್ವಾ?

ಬೀಡಿ ಬಿಟ್ಟದ್ದು ದೊಡ್ಡ ಕೆಲಸ, ಅರ್ಧ ದಾರಿ ಬಂದಿದ್ದೀರಿ. ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ. ಬಾಯಿಯ ಕ್ಯಾನ್ಸರ್ ಭಯವಂತೂ ಇದ್ದೇ ಇದೆ.

ಸೇದುವವರ ಪಕ್ಕ ಕೂರುವವರಿಗೂ ಹಾನಿ. ಸೇದದ ಯುವಕರು 30 ನಿಮಿಷ ಸಿಗರೇಟಿನ ಹೊಗೆಯಲ್ಲಿ ಕುಳಿತದ್ದಕ್ಕೇ ಅವರ ಹೃದಯದ ನಾಳಗಳಲ್ಲಿ ರಕ್ತದ ಹರಿವು ಹೆಚ್ಚಿಸುವ ಶಕ್ತಿ ಇಳಿದದ್ದನ್ನು ಜಪಾನಿನ ವೈದ್ಯರು 2001ರಲ್ಲಿ ತೋರಿಸಿದರು. ಸೌದೆ ಒಲೆಯ ಹೊಗೆ, ನೂಲು ಬಿಚ್ಚುವ ಮನೆಯ ಒಲೆ ಹೊಗೆಯಲ್ಲೂ ರಕ್ತಕ್ಕೆ ಸೇರುವಷ್ಟು ಸಣ್ಣ ಕಣಗಳಿವೆ. ಅದರ ಮುಂದೆ ದಿನವಿಡೀ ಇರುವವರು ಹೆಚ್ಚಾಗಿ ಹೆಂಗಸರು. ಚಿಮಣಿ ಸರಿಮಾಡಿಸುವುದನ್ನು ಮನೆಯವರು ಖರ್ಚು ಎಂದು ಮುಂದೂಡಬೇಡಿ.

ಇದಕ್ಕೆ ಮಾತ್ರೆ ಇಲ್ಲವೇ? ಆರ್ಜಿನೀನ್ ಪುಡಿ ಸಿಗುತ್ತಂತೆ?

ಆರ್ಜಿನೀನಿನಿಂದಲೇ ನೈಟ್ರಿಕ್ ಆಕ್ಸೈಡ್ ಆಗುವುದಾದರೆ ಅದನ್ನೇ ತಿನ್ನೋಣ ಎನ್ನುವುದು ಕೇಳಲು ಚೆಂದ. ಹೃದಯಾಘಾತ ಆದವರಿಗೆ ಅದನ್ನು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಲಾಭವಾಗಲಿಲ್ಲ. ಆರ್ಜಿನೀನ್ ತೆಗೆದುಕೊಂಡ ಗುಂಪಿನಲ್ಲಿ 6 ಜನ ತೀರಿಕೊಂಡರು, ತೆಗೆದುಕೊಳ್ಳದ ಗುಂಪಿನಲ್ಲಿ ಯಾರೂ ಇಲ್ಲ. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಕೊರತೆ ಇರುವುದು ಕಚ್ಚಾವಸ್ತುವಿನದಲ್ಲ, ಕಿಣ್ವ ಕೆಟ್ಟಿರುವುದು.

ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳು ಒಳಪದರಕ್ಕೂ ನೆರವಾಗುತ್ತವೆ. ಬಿಪಿ ನಾರ್ಮಲ್ ಬಂತು ಎಂದು ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ. ನಾರ್ಮಲ್ ಬಂದದ್ದು ಮಾತ್ರೆಯಿಂದ. ವೈದ್ಯರು ಹೇಳುವ ತನಕ ಬಿಡಬೇಡಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಎದೆ ಹಿಂಡಿದಂತಾಗಿ ನೋವು ಎಡಗೈಗೆ, ದವಡೆಗೆ ಹರಡಿದರೆ, ಮೈ ತಣ್ಣಗೆ ಬೆವರಿದರೆ ಕಾಯಬೇಡಿ. ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ ಬರಬಹುದು. ಗ್ಯಾಸ್ ಎಂದು ಸೋಡಾ ಕುಡಿದು ರಾತ್ರಿ ಕಳೆಯಬೇಡಿ. ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದದ್ದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಅದಕ್ಕೂ ಸಾಕಷ್ಟು ಮೊದಲೇ ಆಸ್ಪತ್ರೆ ತಲುಪಬೇಕು.

108ಕ್ಕೆ ಕರೆ ಮಾಡಿ. ಹೃದಯದ ಲಕ್ಷಣಗಳಾದರೆ, ಬೆಂಗಳೂರಿಗೇ ಹೋಗೋಣ ಎಂದು ದಾರಿಯಲ್ಲಿ ಸಮಯ ಕಳೆಯುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಹೋಗುವಾಗ ತಿನ್ನುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.